ಒಂದು ಸ್ವರವನ್ನೂ ನುಡಿಸದವರಿಗೆ ಜಾಝ್ ಪ್ರಶಸ್ತಿ ಯಾಕೆ?

ನಿಮ್ಮ ಪ್ರಶ್ನೆ ಇದು: ಮಗಳು ಸ್ಯಾಕ್ಸೊಫೋನ್ ಕಲಿಯುತ್ತಿದ್ದಾಳೆ. ಅವಳ ಜೊತೆ ಕೂತು ಅಮೆರಿಕದ ‘ಜಾಝ್ ಮಾಸ್ಟರ್ಸ್’ ಪ್ರಶಸ್ತಿ ಪಡೆದವರ ಪಟ್ಟಿ ನೋಡುತ್ತಿದ್ದಿರಿ. ದೊಡ್ಡ ದೊಡ್ಡ ವಾದಕರ ನಡುವೆ, ಕ್ಲಬ್ ನಡೆಸಿದ ಲೊರೇನ್ ಗಾರ್ಡನ್ ಅನ್ನುವವರ ಹೆಸರು ಕಂಡಿತು. ವಾದ್ಯ ಮುಟ್ಟದವರಿಗೆ ಸಂಗೀತದ ಪ್ರಶಸ್ತಿ ಹೇಗೆ ಸಿಗುತ್ತದೆ, ಇದೆಲ್ಲ ಪ್ರಭಾವದಿಂದ ಆಗೋದಾ ಅಂತ ಕೇಳಿದ್ದೀರಿ.

ಪ್ರಭಾವ ಅಲ್ಲ. ನಾನು ನ್ಯೂಜೆರ್ಸಿಯಲ್ಲಿ ಆರು ವರ್ಷ ಇದ್ದೆ. ಆಗ ರೈಲು ಹಿಡಿದು ಅವರ ಕ್ಲಬ್ಬಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆ ಪಟ್ಟಿಯಲ್ಲಿ ಅವರ ಹೆಸರು ಇರುವುದು ನನಗೆ ತುಂಬ ಸರಿ ಅನ್ನಿಸುತ್ತದೆ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಪ್ರಶಸ್ತಿಯ ವಿಷಯ. ಇದನ್ನು ಕೊಡುವುದು ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್. ಅದು ಅಮೆರಿಕ ಸರ್ಕಾರದ ಸಂಸ್ಥೆ. ಪ್ರಶಸ್ತಿ 1982ರಲ್ಲಿ ಶುರುವಾಯಿತು. ಮೊದಲ ವರ್ಷ ಮೂವರಿಗೆ ಕೊಟ್ಟರು: ರಾಯ್ ಎಲ್ಡ್ರಿಜ್, ಡಿಜ್ಜಿ ಗಿಲೆಸ್ಪಿ, ಸನ್ ರಾ. ಬಹಳ ವರ್ಷ ಒಬ್ಬೊಬ್ಬರಿಗೆ 25 ಸಾವಿರ ಡಾಲರ್ ಸಿಗುತ್ತಿತ್ತು. ಬದುಕಿರುವವರಿಗೆ ಮಾತ್ರ ಕೊಡುತ್ತಾರೆ. ಅಮೆರಿಕದ ಪ್ರಜೆಯೋ ಅಲ್ಲಿನ ಕಾಯಂ ನಿವಾಸಿಯೋ ಆಗಿರಬೇಕು. ಹೆಸರು ಸೂಚಿಸುವುದಕ್ಕೆ ನೀವು ದೊಡ್ಡ ಮನುಷ್ಯರಾಗಿರಬೇಕಿಲ್ಲ, ಯಾವ ಸಾಮಾನ್ಯ ಕೇಳುಗನೂ ಪತ್ರ ಬರೆದು ಸೂಚಿಸಬಹುದು. ಆಮೇಲೆ ತಿಳಿದವರ ಸಮಿತಿ ಕೂತು ಆರಿಸುತ್ತದೆ.

ನುಡಿಸದವರಿಗೂ ಒಂದು ಜಾಗ ಬೇಕು ಅಂತ ಈ ಸಂಸ್ಥೆಗೆ ಅನ್ನಿಸುವುದಕ್ಕೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. 2004ರಲ್ಲಿ ನ್ಯಾಟ್ ಹೆಂಟಾಫ್ ಅನ್ನುವ ಬರಹಗಾರರಿಗೆ ಕೊಟ್ಟರು. ಜಾಝ್ ಬಗ್ಗೆ ಜೀವನಪೂರ್ತಿ ಬರೆದವರು ಅವರು. ನುಡಿಸದವರಿಗೆ ಕೊಡುವ ಆ ವಿಭಾಗಕ್ಕೆ ಈಗ ಎ.ಬಿ. ಸ್ಪೆಲ್‌ಮನ್ ಅವರ ಹೆಸರಿದೆ. ಅಲ್ಲಿಂದ ಮುಂದೆ ಪಟ್ಟಿಯ ಬಣ್ಣವೇ ಬದಲಾಯಿತು. ಉತ್ಸವ ನಡೆಸಿದವರು, ರೆಕಾರ್ಡ್ ಮಾಡಿದವರು, ರೇಡಿಯೋದವರು, ಮೇಷ್ಟ್ರುಗಳು ಬಂದರು. 2009ರಲ್ಲಿ ರೂಡಿ ವಾನ್ ಗೆಲ್ಡರ್ ಅವರಿಗೆ ಕೊಟ್ಟರು. ಅವರು ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಿದ್ದವರು, ಬಿಡುವಿನಲ್ಲಿ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲೇ ಮೈಕ್ ಇಟ್ಟು ರೆಕಾರ್ಡ್ ಮಾಡುತ್ತಿದ್ದರು. ನಾವು ಇವತ್ತು ಕೇಳುವ ಐವತ್ತರ ದಶಕದ ಎಷ್ಟೋ ಜಾಝ್ ಆ ಹಾಲ್‌ನಿಂದ ಬಂದದ್ದು.

ಈಗ ಲೊರೇನ್ ಗಾರ್ಡನ್. ಅವರಿಗೆ ಪ್ರಶಸ್ತಿ ಬಂದದ್ದು 2013ರಲ್ಲಿ. ಕ್ಲಬ್ಬಿನ ಹೆಸರು ವಿಲೇಜ್ ವ್ಯಾನ್‌ಗಾರ್ಡ್. ಮ್ಯಾನ್‌ಹಟನ್‌ನ ಸೆವೆಂತ್ ಅವೆನ್ಯೂದಲ್ಲಿ ಒಂದು ಕಡಿದಾದ ಮೆಟ್ಟಿಲು ಇಳಿದು ನೆಲಮಾಳಿಗೆಗೆ ಹೋಗಬೇಕು. ಕೋಣೆ ಮೂರು ಮೂಲೆಯದು. ಸುಮಾರು ನೂರಿಪ್ಪತ್ತು ಜನ ಹಿಡಿಸುತ್ತದೆ, ಅಷ್ಟೇ. ಅವರ ಗಂಡ ಮ್ಯಾಕ್ಸ್ ಗಾರ್ಡನ್ 1935ರಲ್ಲಿ ಆ ಜಾಗದಲ್ಲಿ ಕ್ಲಬ್ ಶುರು ಮಾಡಿದರು. ಮೊದಲು ಕವಿತೆ ಓದುವವರು, ಜಾನಪದ ಹಾಡುವವರು, ಹಾಸ್ಯದವರು ಎಲ್ಲರೂ ಬರುತ್ತಿದ್ದರು. 1957ರ ಹೊತ್ತಿಗೆ ಪೂರ್ತಿ ಜಾಝ್ ಆಯಿತು.

ಲೊರೇನ್ ಹುಡುಗಿಯಾಗಿದ್ದಾಗಲೇ ಜಾಝ್ ಗ್ರಾಮಫೋನ್ ತಟ್ಟೆ ಹುಡುಕಿ ಕೊಳ್ಳುತ್ತಿದ್ದವರು. ಮ್ಯಾಕ್ಸ್ ಅವರನ್ನು ಮದುವೆ ಆಗುವ ಮುಂಚೆಯೇ, 1948ರಲ್ಲಿ, ಥೆಲೋನಿಯಸ್ ಮಂಕ್ ಅವರನ್ನು ಈ ಕ್ಲಬ್ಬಿಗೆ ಕರೆಸಿ ಅಂತ ಒತ್ತಾಯ ಮಾಡಿದವರು ಅವರೇ. ಆಗ ಮಂಕ್ ಅವರ ಪಿಯಾನೋ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಜನ ಬರಲಿಲ್ಲ, ಮ್ಯಾಕ್ಸ್ ಸಿಟ್ಟಾದರು. ಆದರೂ ಲೊರೇನ್ ಬಿಡಲಿಲ್ಲ. ಮುಂದೆ ಮಂಕ್ ಜಾಝ್‌ನ ಬಹಳ ದೊಡ್ಡ ಹೆಸರಾದರು, ಅದು ನಿಮ್ಮ ಮಗಳಿಗೆ ಗೊತ್ತಿರುತ್ತದೆ. ಇಂಥ ಕಿವಿ ಇರುವವರನ್ನು ‘ಸಂಗೀತದವರಲ್ಲ’ ಅನ್ನೋದು ನನ್ನ ಕೈಲಿ ಆಗುವುದಿಲ್ಲ.

1989ರಲ್ಲಿ ಮ್ಯಾಕ್ಸ್ ತೀರಿಕೊಂಡರು. ಲೊರೇನ್ ಒಂದೇ ಒಂದು ರಾತ್ರಿ ಬಾಗಿಲು ಹಾಕಿದರು. ಮಾರನೇ ದಿನ ತೆಗೆದರು. ಅಲ್ಲಿಂದ ಮುಂದೆ 2018ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಆ ಜಾಗ ಅವರದ್ದೇ. ಮ್ಯಾನ್‌ಹಟನ್‌ನಲ್ಲಿ ಬಾಡಿಗೆ ಎಷ್ಟು ಅಂತ ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ. ಕೋಣೆ ದೊಡ್ಡದು ಮಾಡಲಿಲ್ಲ. ಊಟ ಹಾಕಿ ದುಡ್ಡು ಮಾಡೋಣ ಅಂತ ಹೊರಡಲಿಲ್ಲ. ಅಲ್ಲಿ ಕುಡಿಯುವುದಕ್ಕೆ ಸಿಗುತ್ತದೆ, ಊಟ ಸಿಗುವುದಿಲ್ಲ. ನುಡಿಸುವಾಗ ಮಾತಾಡುವಂತಿಲ್ಲ, ಫೋಟೋ ತೆಗೆಯುವಂತಿಲ್ಲ.

ನಾನು ಮೊದಲು ಹೋದದ್ದು ಒಂದು ಸೋಮವಾರ. ಸೋಮವಾರ ಅಲ್ಲಿ ದೊಡ್ಡ ತಂಡದ ರಾತ್ರಿ. ಥ್ಯಾಡ್ ಜೋನ್ಸ್, ಮೆಲ್ ಲೂಯಿಸ್ ಇಬ್ಬರೂ 1966ರಲ್ಲಿ ಶುರು ಮಾಡಿದ ಪದ್ಧತಿ. ಅವರಿಬ್ಬರೂ ಹೋದ ಮೇಲೂ ಅದೇ ತಂಡ ವ್ಯಾನ್‌ಗಾರ್ಡ್ ಜಾಝ್ ಆರ್ಕೆಸ್ಟ್ರಾ ಅನ್ನುವ ಹೆಸರಲ್ಲಿ ನಡೆದುಕೊಂಡು ಬಂದಿದೆ. ಆ ಚಿಕ್ಕ ವೇದಿಕೆಯ ಮೇಲೆ ಹದಿನಾರು ಜನ ಒತ್ತಿಕೊಂಡು ಕೂತಿದ್ದರು. ನನ್ನ ಮೇಜಿಗೂ ಮುಂದಿನ ಸ್ಯಾಕ್ಸೊಫೋನಿಗೂ ನಡುವೆ ಒಂದು ಮೊಳವೂ ಇರಲಿಲ್ಲ. ಉಸಿರು ತೆಗೆದುಕೊಳ್ಳುವುದು ಕೇಳುತ್ತಿತ್ತು. ಕೀಲಿಗಳ ಟಕಟಕ ಕೇಳುತ್ತಿತ್ತು. ಆಮೇಲೆ ನಾನು ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಇದೇ ಸಂಗೀತ ಕೇಳಿದ್ದೇನೆ. ಚೆನ್ನಾಗಿಯೇ ಇರುತ್ತದೆ. ಆದರೆ ಅಲ್ಲಿ ವಾದಕ ನಮ್ಮ ಮುಖ ನೋಡಿ ಇನ್ನೊಂದು ಸುತ್ತು ನುಡಿಸುವುದಿಲ್ಲ. ಆ ಕೋಣೆಯಲ್ಲಿ ನುಡಿಸುತ್ತಿದ್ದರು.

ಜಾಝ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಕ್ಷಣದಲ್ಲಿ ಹುಟ್ಟುವುದು. ನಮ್ಮ ಮನೋಧರ್ಮ ಇದ್ದ ಹಾಗೆ. ಎದುರಿಗೆ ಕೇಳುವ ಜನ ಬೇಕು, ವಾರವಿಡೀ ನುಡಿಸುವುದಕ್ಕೆ ಒಂದು ಜಾಗ ಬೇಕು, ಇವತ್ತು ತಪ್ಪಾದರೆ ನಾಳೆ ಇನ್ನೊಂದು ಸಲ ನೋಡೋಣ ಅನ್ನುವ ಧೈರ್ಯ ಬೇಕು. ವ್ಯಾನ್‌ಗಾರ್ಡ್‌ನಲ್ಲಿ ಒಂದು ತಂಡಕ್ಕೆ ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದ ತನಕ ಅವಕಾಶ ಕೊಡುತ್ತಾರೆ. ಭಾನುವಾರ ಕೇಳಿದರೆ ಅದೇ ತಂಡ ಬೇರೆಯೇ ಆಗಿರುತ್ತದೆ.

ನಮ್ಮಲ್ಲೂ ಇದು ಗೊತ್ತಿರುವ ಮಾತೇ ಅಲ್ವಾ? ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಶ್ರೀರಾಮಸೇವಾ ಮಂಡಳಿ ಕಟ್ಟಿದರು. ರಾಮನವಮಿ ಕಚೇರಿಗಳಿಗೆ ಫೋರ್ಟ್ ಹೈಸ್ಕೂಲ್ ಮೈದಾನದಲ್ಲಿ ಚಪ್ಪರ ಹಾಕಿ ಕರೆಸದ ದೊಡ್ಡ ವಿದ್ವಾಂಸರಿಲ್ಲ. ಅಲ್ಲಿ ಕೂತು ಕೇಳಿ ಕಿವಿ ತಿದ್ದಿಕೊಂಡವರು ಎಷ್ಟು ಮನೆಗಳಲ್ಲಿದ್ದಾರೆ! ನಮ್ಮ ತಾತ ಅವರಲ್ಲಿ ಒಬ್ಬರು.

ಕಲಿಸುವವರ ವಿಷಯಕ್ಕೆ ಬರುತ್ತೇನೆ, ನಿಮ್ಮ ಮಗಳಿಗೆ ಇದು ಹತ್ತಿರದ್ದು. ಲೊರೇನ್ ಅವರಿಗೆ ಬಂದ ಮರುವರ್ಷ, 2014ರಲ್ಲಿ, ಪ್ರಶಸ್ತಿ ಪಡೆದವರಲ್ಲಿ ಜೇಮಿ ಏಬರ್‌ಸೋಲ್ಡ್ ಒಬ್ಬರು. ಇಂಡಿಯಾನಾ ರಾಜ್ಯದವರು, ಸ್ಯಾಕ್ಸೊಫೋನ್ ವಾದಕರು, ಆದರೆ ಪ್ರಪಂಚಕ್ಕೆ ಗೊತ್ತಿರುವುದು ಮೇಷ್ಟ್ರಾಗಿ. 1967ರಲ್ಲಿ ಅವರು ಒಂದು ತಟ್ಟೆ ಹೊರತಂದರು. ಅದರಲ್ಲಿ ಪಿಯಾನೋ, ಬಾಸ್, ಡ್ರಮ್ಸ್ ಮಾತ್ರ ಇತ್ತು. ಮುಖ್ಯ ವಾದಕನ ಜಾಗ ಖಾಲಿ. ಆ ಜಾಗ ಕಲಿಯುವ ಮಕ್ಕಳದ್ದು. ಬಾಸ್ ಒಂದು ಕಡೆಯ ಸ್ಪೀಕರಿನಲ್ಲಿ, ಪಿಯಾನೋ ಇನ್ನೊಂದು ಕಡೆ. ಪಿಯಾನೋ ಕಲಿಯುವವರು ಆ ಕಡೆ ಸದ್ದು ನಿಲ್ಲಿಸಿ ತಾವೇ ನುಡಿಸಬಹುದು. ಹೀಗೆ 133 ಸಂಪುಟ ಬಂದವು. ಊರಲ್ಲಿ ಜೊತೆಗೆ ನುಡಿಸುವವರು ಒಬ್ಬರೂ ಇಲ್ಲದ ಮಕ್ಕಳಿಗೆ ಮನೆಯಲ್ಲೇ ಒಂದು ಒಳ್ಳೆಯ ತಂಡ ಸಿಕ್ಕಿತು. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಮಾಡಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ನಮ್ಮ ಮನೆಗಳಲ್ಲಿ ಮಾಡಿದ ಉಪಕಾರ ನೆನಪಿಸಿಕೊಳ್ಳಿ. ಅದೇ ಥರದ ಕೆಲಸ.

ಏಬರ್‌ಸೋಲ್ಡ್ ಅವರ ಗುರುಗಳಲ್ಲಿ ಒಬ್ಬರು ಡೇವಿಡ್ ಬೇಕರ್. ಅವರ ಕಥೆ ನನಗೆ ತುಂಬ ಇಷ್ಟ. ಒಳ್ಳೆಯ ಟ್ರಾಂಬೋನ್ ವಾದಕರಾಗಿದ್ದರು. ಕಾರು ಅಪಘಾತದಲ್ಲಿ ದವಡೆಗೆ ಏಟು ಬಿತ್ತು. ದವಡೆ ಕೆಟ್ಟರೆ ಟ್ರಾಂಬೋನ್ ಊದುವುದು ಆಗದ ಮಾತು. ಅವರು ಸೆಲ್ಲೋ ಹಿಡಿದರು, ಕಲಿಸುವುದಕ್ಕೆ ಇಳಿದರು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಜಾಝ್ ವಿಭಾಗ ಕಟ್ಟಿ, ದಶಕಗಳ ಕಾಲ ನಡೆಸಿದರು. ಸ್ಯಾಕ್ಸೊಫೋನ್‌ನ ಮೈಕೆಲ್ ಬ್ರೆಕರ್, ಟ್ರಂಪೆಟ್‌ನ ಫ್ರೆಡ್ಡಿ ಹಬ್ಬರ್ಡ್ ಅವರ ಶಿಷ್ಯರು. 2000ದಲ್ಲಿ ಅವರಿಗೂ ಈ ಪ್ರಶಸ್ತಿ ಬಂತು. 2011ರಲ್ಲಂತೂ ನ್ಯೂ ಆರ್ಲಿಯನ್ಸ್‌ನ ಎಲ್ಲಿಸ್ ಮಾರ್ಸಾಲಿಸ್ ಮತ್ತು ಅವರ ನಾಲ್ಕು ಗಂಡುಮಕ್ಕಳಿಗೆ ಒಟ್ಟಿಗೆ ಕೊಟ್ಟರು. ಅಪ್ಪ ಪಿಯಾನೋ ವಾದಕ, ಅದಕ್ಕಿಂತ ಹೆಚ್ಚಾಗಿ ಮೇಷ್ಟ್ರು. ಒಂದು ಮನೆಗೇ ಪ್ರಶಸ್ತಿ.

ಪ್ರಶಸ್ತಿ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಟಾಡ್ ಬಾರ್ಕನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೀಸ್ಟೋನ್ ಕಾರ್ನರ್ ಅನ್ನುವ ಕ್ಲಬ್ 1972ರಿಂದ 1983ರವರೆಗೆ ನಡೆಸಿದರು. ಅದು ಮುಚ್ಚಿ 35 ವರ್ಷ ಆದ ಮೇಲೆ, 2018ರಲ್ಲಿ ಅವರಿಗೆ ಪ್ರಶಸ್ತಿ. ನೆರವು ಬೇಕಿದ್ದಾಗ ಬರಲಿಲ್ಲ. ದೊಡ್ಡ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ತೀರಿಕೊಂಡದ್ದು 1979ರಲ್ಲಿ. ಅವರ ಹೆಂಡತಿ ಸೂ ಮಿಂಗಸ್ ನಲವತ್ತು ವರ್ಷಕ್ಕಿಂತ ಜಾಸ್ತಿ ಗಂಡನ ಸಂಗೀತ ನುಡಿಸುವ ತಂಡಗಳನ್ನು ಕಟ್ಟಿ ನಡೆಸಿದರು. 2023ರ ಪಟ್ಟಿಯಲ್ಲಿ ಹೆಸರು ಬಂತು. ಆದರೆ ಸಮಾರಂಭದ ಹೊತ್ತಿಗೆ ಅವರೇ ಇರಲಿಲ್ಲ. ಇದು ನನಗೆ ನೋವಿನ ವಿಷಯ. ಇಂಥವರನ್ನು ಸ್ವಲ್ಪ ಬೇಗ ಗುರುತಿಸಬಾರದೇ?

ಪ್ರಶಸ್ತಿಯೇ ನಿಂತುಹೋಗುವ ಹೊತ್ತೂ ಬಂದಿತ್ತು. 2011ರಲ್ಲಿ ಬಜೆಟ್ ಮಂಡಿಸುವಾಗ ಜಾಝ್‌ಗೆ ಬೇರೆ ಪ್ರಶಸ್ತಿ ಬೇಡ, ಎಲ್ಲ ಕಲೆಗಳಿಗೂ ಸೇರಿಸಿ ಒಂದು ಮಾಡೋಣ ಅನ್ನುವ ಪ್ರಸ್ತಾಪ ಬಂತು. ಜಾಝ್ ಜನ ಸುಮ್ನೆ ಇರಲಿಲ್ಲ. ಕೊನೆಗೆ ಅಮೆರಿಕದ ಸಂಸತ್ತು ಮುಂದುವರಿಸಿ ಅಂತ ಹೇಳಿತು. ಇದೇ ಸಂಸತ್ತು 1987ರಲ್ಲಿ ಜಾಝ್ ದೇಶದ ಅಪರೂಪದ ಸಂಪತ್ತು ಅಂತ ಗೊತ್ತುವಳಿ ಮಾಡಿತ್ತು.

ಬ್ರಿಟನ್‌ನಲ್ಲೂ ಇಂಥದೊಂದಿದೆ. 2005ರಿಂದ ಪಾರ್ಲಿಮೆಂಟರಿ ಜಾಝ್ ಅವಾರ್ಡ್ಸ್ ಅಂತ ಕೊಡುತ್ತಾರೆ. ಬೇರೆ ಬೇರೆ ಪಕ್ಷದ ಜಾಝ್ ಪ್ರಿಯ ಸಂಸದರ ಗುಂಪು ಅದನ್ನು ನಡೆಸುತ್ತದೆ. ಅಲ್ಲಿ ಗಾಯಕರಿಗೆ, ವಾದಕರಿಗೆ ಇರುವ ಹಾಗೆ ಜಾಗಕ್ಕೆ ಬೇರೆ, ಶಿಕ್ಷಣಕ್ಕೆ ಬೇರೆ ಪ್ರಶಸ್ತಿ ಇದೆ. ನನ್ನ ಕೇಳಿದರೆ ಅದು ಇನ್ನೂ ನೇರವಾದ ಏರ್ಪಾಡು.

ಇನ್ನು, ನಮ್ಮವರು ಯಾರಾದರೂ ಇದ್ದಾರಾ ಅಂತ ಕೊನೆಗೆ ಕೇಳಿದ್ದೀರಿ. ಅದೇ ಸಂಸ್ಥೆ ಪರಂಪರೆಯ ಕಲೆಗಳಿಗೆ ಬೇರೆ ಗೌರವ ಕೊಡುತ್ತದೆ. ಅದು ಅಲಿ ಅಕ್ಬರ್ ಖಾನ್ ಅವರಿಗೆ, ಜಾಕಿರ್ ಹುಸೇನ್ ಅವರಿಗೆ ಸಿಕ್ಕಿದೆ. ನಿಮ್ಮ ಮಗಳಿಗೆ ಮಾತ್ರ ನಾನು ಹೇಳಬೇಕಾದ ಹೆಸರು ಕದ್ರಿ ಗೋಪಾಲನಾಥ್. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಹುಡುಗ, ಅದರಲ್ಲಿ ಗಮಕ ನುಡಿಸುವ ತನಕ ಬಿಡಲಿಲ್ಲ. 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ‘ಕಿನ್ಸ್‌ಮೆನ್’ ಅನ್ನುವ ಆಲ್ಬಂ ಮಾಡಿದರು. ಒಂದೇ ವಾದ್ಯ, ಎರಡು ದಾರಿ. ಅವಳಿಗೆ ಅದನ್ನು ಕೇಳಿಸಿ.

ಆಮೇಲೆ ಪಿಯಾನೋ ವಾದಕ ಬಿಲ್ ಎವಾನ್ಸ್ ಅವರ ತಂಡ 1961ರ ಜೂನ್ 25ರಂದು ವ್ಯಾನ್‌ಗಾರ್ಡ್‌ನಲ್ಲಿ ನುಡಿಸಿದ್ದನ್ನೂ ಹಾಕಿ. ಅದೊಂದು ಭಾನುವಾರ. ಬಾಸ್ ನುಡಿಸಿದ ಸ್ಕಾಟ್ ಲಫಾರೋ ಹನ್ನೊಂದೇ ದಿನಕ್ಕೆ ರಸ್ತೆ ಅಪಘಾತದಲ್ಲಿ ತೀರಿಕೊಂಡರು, 25 ವರ್ಷ ವಯಸ್ಸು. ಹೆಡ್‌ಫೋನ್ ಹಾಕಿಕೊಂಡು ಕೇಳಲಿ. ಪಿಯಾನೋ ಮೆತ್ತಗಾದಾಗ ಹಿಂದೆ ಗ್ಲಾಸು ತಾಗುವ ಸದ್ದು ಬರುತ್ತದೆ, ಯಾರೋ ಮೆಲ್ಲಗೆ ಮಾತಾಡುತ್ತಾರೆ, ಯಾರೋ ನಗುತ್ತಾರೆ. ಲೊರೇನ್ ಗಾರ್ಡನ್ ಕಾಪಾಡಿದ್ದು ಅದೇ ಕೋಣೆಯನ್ನು.