ಒಂದು ಕೈಗೆ ಬಲ ಇಲ್ಲದಿದ್ದರೂ ಹಾಲು ಕುಡಿಸಬಹುದು

ಎಡಗೈಗೆ ಬಲ ಇಲ್ಲ, ಮೆದುಳಿನ ಪ್ರೋಟೀನ್ ಮೇಲೆ ಪಿಎಚ್‌ಡಿ ಬೇರೆ ನಡೀತಿದೆ, ಹಾಲು ಬಿಡಿಸಿಬಿಡಲಾ ಅಂತ ಕೇಳಿದ್ದೀರಿ. ಬೇಡ ಮೇಡಂ, ಈಗಲೇ ಬಿಡಿಸಬೇಡಿ. ನನಗೂ ಒಂದು ಕೈ ಪೋಲಿಯೋದಿಂದ ಸೋತಿದೆ, ಸಾಗರದ ಅಮ್ಮನ ಮನೆಯಲ್ಲಿ ಬಾಣಂತನ ಪೂರ್ತಿ ಜಾಸ್ತಿ ಮಲಗಿಕೊಂಡೇ ಕುಡಿಸಿದ್ದು.

ಕೂತು ಕುಡಿಸುವಾಗ ಎರಡೂ ಕಡೆಗೆ ನಿಮ್ಮ ಬಲಗೈ ಒಂದೇ ಸಾಕು. ಬಲಗಡೆ ಕುಡಿಸುವಾಗ ಮಗುವನ್ನು ಬಲ ಕಂಕುಳ ಕೆಳಗೆ, ಕಾಲು ನಿಮ್ಮ ಬೆನ್ನಿನ ಕಡೆ ಬರುವ ಹಾಗೆ ದಿಂಬಿನ ಮೇಲೆ ಮಲಗಿಸಿ. ಎಡಗಡೆಗೆ ಅದೇ ದಿಂಬನ್ನು ತೊಡೆ ಮೇಲೆ ತಂದು, ಮಗುವನ್ನು ಅಡ್ಡ ಮಲಗಿಸಿ, ಬಲ ಅಂಗೈಯಿಂದ ಕತ್ತು ಮತ್ತು ಭುಜಕ್ಕೆ ಆಸರೆ ಕೊಡಿ. ತಲೆ ಒತ್ತಬೇಡಿ, ಒತ್ತಿದರೆ ಮಗು ಹಿಂದಕ್ಕೆ ಎಳೆದುಕೊಳ್ಳುತ್ತೆ. ಭಾರ ದಿಂಬಿನ ಮೇಲಿರಲಿ, ಕೈ ಮೇಲಲ್ಲ. ಅತ್ತೆ ಬಂದು ಏನಾದರೂ ಅಂದರೆ ದಿಂಬು ಜೋಡಿಸೋ ಕೆಲಸ ಅವರಿಗೇ ಕೊಡಿ!

ಪಿಎಚ್‌ಡಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಒಂದು ಸಲ 240 ದಿನದವರೆಗೆ ಹೆರಿಗೆ ರಜೆ ಇದೆ, ಸುಮ್ನೆ ಬಿಡಬೇಡಿ. ವಾಪಸ್ ಹೋದ ಮೇಲೆ ಪ್ರೋಟೀನ್ ಬೇರ್ಪಡಿಸೋ ಜೆಲ್ ನೀವು ಕಲಸಬೇಡಿ, ಅದಕ್ಕೆ ಹಾಕೋ ಅಕ್ರಿಲಮೈಡ್ ಅನ್ನೋ ರಾಸಾಯನಿಕ ಗಟ್ಟಿಯಾಗೋ ಮುಂಚೆ ನರಗಳಿಗೆ ವಿಷ ಅಲ್ವಾ, ರೆಡಿಮೇಡ್ ಜೆಲ್ ತರಿಸೋಕೆ ಗೈಡ್‌ಗೆ ಹೇಳಿ. ಒಂದೇ ಕೈಗೆ ಕರೆಂಟ್ ಪಂಪ್ ಅನುಕೂಲ. ಹಿಂಡಿದ ಹಾಲು ಫ್ರಿಜ್‌ನಲ್ಲಿ 4 ದಿನ ಇರುತ್ತೆ, ಆದರೆ ಲ್ಯಾಬ್ ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ಹೊರಗೆ 25 ಡಿಗ್ರಿಯೊಳಗಿದ್ದರೆ 4 ಗಂಟೆ, ನಮ್ಮ ಮಳೆಗಾಲದಲ್ಲಿ ಅದೇನೂ ಕಷ್ಟವಲ್ಲ.