ಬೇವಿನ ಸಾರವೂ ನೀಲಿಯನ್ನು ಅಳಿಸುತ್ತದೆ

ಪ್ರಶ್ನೆ: ಕಲಬುರಗಿಯಲ್ಲಿ ಬಿ.ಎಸ್ಸಿ. ಅಂತಿಮ ವರ್ಷದಲ್ಲಿ ಜೀವರಸಾಯನಶಾಸ್ತ್ರ ಓದುತ್ತಿದ್ದೇನೆ. ಔಷಧ ಪ್ರತಿರೋಧಕ್ಕೆ ಕಾರಣವಾಗುವ ಎನ್‌ಡಿಎಂ-1 ಪ್ರೋಟೀನಿನ ಮೇಲೆ ಬೇವಿನ ಅಣುವೊಂದನ್ನು ಕಂಪ್ಯೂಟರಿನಲ್ಲಿ ಡಾಕಿಂಗ್ ಮಾಡಿದೆ, ಅಂದರೆ ಅದು ಪ್ರೋಟೀನಿಗೆ ಎಷ್ಟು ಚೆನ್ನಾಗಿ ಕೂರುತ್ತದೆಂದು ಲೆಕ್ಕ ಹಾಕಿಸಿದೆ. ಅಂಕ ಚೆನ್ನಾಗಿದೆ. ಆಸ್ಪತ್ರೆಯಿಂದ ಬ್ಯಾಕ್ಟೀರಿಯಾ ತಂದು ಬೇವಿನ ಸಾರದಿಂದ ಪ್ರಯೋಗ ಮಾಡಬಹುದೇ? ಕಾಲೇಜಿನಲ್ಲಿ ಇನ್‌ಕ್ಯುಬೇಟರ್, ಬಣ್ಣದ ಗಾಢತೆ ಅಳೆಯುವ ಕಲರಿಮೀಟರ್ ಬಿಟ್ಟರೆ ಹೆಚ್ಚೇನಿಲ್ಲ.

ಉತ್ತರ: ಆಸ್ಪತ್ರೆಯ ಬ್ಯಾಕ್ಟೀರಿಯಾದ ಗೊಡವೆಯೇ ಬೇಡ. ಮದ್ದಿಗೆ ಬಗ್ಗದ ರೋಗಾಣುವನ್ನು ಸಾಧಾರಣ ಕೋಣೆಯಲ್ಲಿ ಬೆಳೆಸಬಾರದು. ಡಾಕಿಂಗ್ ಅಂಕವನ್ನೂ ಫಲಿತಾಂಶವೆಂದು ಬರೆಯಬೇಡಿ, ಅದಿನ್ನೂ ಊಹೆ. ಎನ್‌ಡಿಎಂ-1 ಪ್ರತಿಜೀವಕವನ್ನು ಒಡೆಯುವುದು ಎರಡು ಸತುವಿನ ಅಯಾನುಗಳ ನೆರವಿನಿಂದ. ಡಾಕಿಂಗ್‌ಗೆ ಬಳಸಿದ ಪ್ರೋಟೀನ್ ರಚನೆಯ ಕಡತದಿಂದ ನೀರಿನ ಅಣುಗಳನ್ನು ಅಳಿಸುವಾಗ ಸತುವೂ ಹೋಗಿಲ್ಲವಷ್ಟೇ?

ಎನ್‌ಡಿಎಂ-1ರ ಬದಲು, ಅದೇ ಕೆಲಸ ಮಾಡುವ, ಆದರೆ ಬೇರೆ ಕುಲದ ಟಿಇಎಂ ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಹಿಡಿಯಿರಿ. ಪೆನಿಸಿಲಿನ್ ಬಳಕೆ ವ್ಯಾಪಕವಾಗುವ ಮೊದಲೇ, 1940ರಲ್ಲಿ, ವಿಜ್ಞಾನಿಗಳಾದ ಅಬ್ರಹಾಂ ಮತ್ತು ಚೈನ್ ಪೆನಿಸಿಲಿನ್ ಒಡೆಯುವ ಕಿಣ್ವವನ್ನು ವರದಿ ಮಾಡಿದ್ದರು. ಟಿಇಎಂ ಜೀನ್ ಪಿಯುಸಿ19 ಎಂಬ ಪ್ಲಾಸ್ಮಿಡ್‌ನಲ್ಲಿ, ಅಂದರೆ ಬ್ಯಾಕ್ಟೀರಿಯಾದೊಳಗಿನ ಪುಟ್ಟ ಡಿಎನ್‌ಎ ಉಂಗುರದಲ್ಲಿ, ಇದೆ (ನಮ್ಮ ಪಿಯುಸಿ ಅಲ್ಲ!). ಅದನ್ನು ಹೊತ್ತ, ರೋಗ ತರದ ಪ್ರಯೋಗಾಲಯದ ಇ. ಕೋಲಿ ತಳಿಗಾಗಿ ನಿಮ್ಮ ಗುರುಗಳ ಪತ್ರ ಹಿಡಿದು ಗುಲಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಕೇಳಿ ನೋಡಿ. ತಳಿಮಾರ್ಪಾಡಾದ ಬ್ಯಾಕ್ಟೀರಿಯಾ ಆದ್ದರಿಂದ ಕಾಲೇಜಿನ ಅನುಮತಿ ಮೊದಲೇ ಪಡೆಯಿರಿ.

ಇನ್ನು ಪ್ರಯೋಗ. ಪಿಷ್ಟಕ್ಕೆ ಅಯೋಡಿನ್ ಹಾಕಿದರೆ ಗಾಢ ನೀಲಿ. ಅದಕ್ಕೆ ಪೆನಿಸಿಲಿನ್ ಬೆರೆಸಿ, ಕೋಶಗಳನ್ನು ಒಡೆದು ತೆಗೆದ ಕಿಣ್ವವನ್ನು ಸೇರಿಸಿ. ಪೆನಿಸಿಲಿನ್‌ನ ಉಂಗುರ ಬಿಚ್ಚಿ ಪೆನಿಸಿಲ್ಲೋಯಿಕ್ ಆಮ್ಲವಾಗುತ್ತದೆ. ಅದು ಅಯೋಡಿನ್ ಅನ್ನು ಅಪಕರ್ಷಿಸುತ್ತ ಹೋದಂತೆ ನೀಲಿ ಮಾಸುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಕಲರಿಮೀಟರಿನ ಅಂಕಿ ಬರೆದುಕೊಂಡರೆ ಕಿಣ್ವದ ವೇಗ ಸಿಗುತ್ತದೆ.

ಬೇವು ಕೈಕೊಡುವುದು ಇಲ್ಲೇ. ಎಲೆಯ ಸಾರದಲ್ಲಿರುವ ಸಿ ಜೀವಸತ್ವ, ಪಾಲಿಫೀನಾಲ್‌ಗಳು ತಾವೇ ಅಯೋಡಿನ್‌ನ ಬಣ್ಣ ಕಳೆಯುತ್ತವೆ, ಕಿಣ್ವದ ಹಂಗೇ ಅವಕ್ಕಿಲ್ಲ. ಟ್ಯಾನಿನ್‌ಗಳಿದ್ದರೆ ಸಿಕ್ಕ ಪ್ರೋಟೀನಿಗೆಲ್ಲ ಅಂಟಿ ಸುಳ್ಳು ತಡೆಯನ್ನೂ ತೋರಿಸುತ್ತವೆ. ಹಾಗಾಗಿ ಒಂದು ಪ್ರನಾಳದಲ್ಲಿ ಕುದಿಸಿ ಕೆಡಿಸಿದ ಕಿಣ್ವ, ಒಂದರಲ್ಲಿ ಕಿಣ್ವವಿಲ್ಲದ ಬೇವಿನ ಸಾರ, ಇನ್ನೊಂದರಲ್ಲಿ ಟಿಇಎಂ ಅನ್ನು ನಿಜವಾಗಿ ತಡೆಯುವ ಕ್ಲಾವುಲಾನಿಕ್ ಆಮ್ಲ ಇರಲೇಬೇಕು. ಪೆನಿಸಿಲಿನ್ ದ್ರಾವಣವನ್ನು ಆಯಾ ದಿನವೇ ತಯಾರಿಸಿ. ನಮ್ಮ ಮೇ ಬಿಸಿಲಿಗೆ, ಅದರಲ್ಲೂ ಕರೆಂಟ್ ಹೋದ ದಿನ, ಮೇಜಿನ ಮೇಲಿಟ್ಟದ್ದು ಕಿಣ್ವದ ನೆರವಿಲ್ಲದೆಯೂ ಕೆಡುತ್ತದೆ.

ಮೊದಲ ದಿನ ನೀಲಿ ದ್ರಾವಣಕ್ಕೆ ಕಿಣ್ವವಿಲ್ಲದೆ ಬೇವಿನ ಸಾರ ಬೆರೆಸಿದ ಪ್ರನಾಳವನ್ನಷ್ಟೇ ಗಮನಿಸಿ. ಅದು ತಾನಾಗಿ ಮಾಸಿದರೆ ಬೇವನ್ನು ಕೈಬಿಟ್ಟು, ನಾಲ್ಕೈದು ಸಾಂದ್ರತೆಯ ಪೆನಿಸಿಲಿನ್‌ನಲ್ಲಿ ಕಿಣ್ವದ ವೇಗವನ್ನು ಅಳೆಯಿರಿ. ಪ್ರಾಜೆಕ್ಟಿಗೆ ಅಷ್ಟು ಧಾರಾಳವಾಗಿ ಸಾಕು.