ಭೀಮಾ ದಂಡೆಗೆ ಹೋಗಿ ಎರಡು ದಿನ ಏನು ಮಾಡೋದು?

ಚಳಿ ಶುರುವಾಯಿತೆಂದರೆ ಕಲಬುರಗಿ, ಯಾದಗಿರಿ, ಬೀದರ್ ಕಡೆಯಿಂದ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮೊಣಕಾಲು ನೋವು, ಮಕ್ಕಳ ಓದು ಎಲ್ಲ ಹಿಂದೆ ಸರಿದು ‘ಶನಿವಾರ, ಭಾನುವಾರ ಎಲ್ಲಿಗೆ ಹೋಗೋಣ’ ಅನ್ನೋದು ಮುಂದೆ ಬರುತ್ತದೆ. ಈ ಸಲ ನದಿ ಪಕ್ಕದ ಸಣ್ಣ ಊರುಗಳ ಬಗ್ಗೆ ಕೇಳಿದವರೇ ಜಾಸ್ತಿ. ಆಯ್ದ ಕೆಲವಕ್ಕೆ ಉತ್ತರ ಇಲ್ಲಿದೆ.

ನಾನು ಕಲಬುರಗಿಯಲ್ಲಿ ಬ್ಯಾಂಕ್ ನೌಕರ. ಎರಡು ದಿನ ನದಿ ಪಕ್ಕ ಇರಬೇಕು ಅಂತ ಆಸೆ. ರೆಸಾರ್ಟ್, ಬೋಟಿಂಗ್ ಯಾವುದೂ ಬೇಡ. ಅಪ್ಪನಿಗೆ ಮೊಣಕಾಲು ನೋವು, ಮಕ್ಕಳು ನಾಲ್ಕನೇ ಮತ್ತು ಏಳನೇ ಕ್ಲಾಸು. ಹೋದ ಜಾಗ ಗಲೀಜು ಮಾಡಿ ಬರುವವರ ಸಾಲಿಗೆ ನಾವು ಸೇರಬಾರದು. ಎಲ್ಲಿಗೆ ಹೋಗಲಿ, ಅಲ್ಲಿ ಏನು ಮಾಡಲಿ?

ಸನ್ನತಿಗೆ ಹೋಗಿ. ಚಿತ್ತಾಪುರ ತಾಲೂಕು, ನಿಮ್ಮಲ್ಲಿಂದ ಸುಮಾರು 60 ಕಿ.ಮೀ. ಶಹಾಬಾದ್, ವಾಡಿ ಮೇಲಿಂದ ರಸ್ತೆ ಇದೆ. ರೈಲಿನಲ್ಲಿ ಹೋಗುವುದಾದರೆ ನಾಲವಾರದಲ್ಲಿ ಇಳಿದು ಟಂಟಂ ಹಿಡಿಯಬೇಕು, ಆದರೆ ಅಪ್ಪ ಜೊತೆಗಿದ್ದಾರೆ ಅಂದಮೇಲೆ ಕಾರೇ ಸರಿ. ಒಂದೇ ಕಾರು. ‘ಹೆಂಗೂ ಹೊಂಟೀರಿ, ನಾವೂ ಬರ್ತೀವಿ’ ಅಂತ ಇನ್ನೆರಡು ಮನೆಯವರು ಸೇರಿಕೊಂಡರೆ ಅದು ಜಾತ್ರೆ ಆಗುತ್ತದೆ, ನೀವು ಕೇಳಿದ್ದು ಅದಲ್ಲ.

ಚಂದ್ರಲಾಂಬಾ ಗುಡಿ ಇರುವುದೇ ಭೀಮಾ ದಂಡೆಯಲ್ಲಿ. ದೇವಿ ದುಂಬಿಗಳನ್ನು ಬಿಟ್ಟು ಸೇತುರಾಜನ ಸೊಕ್ಕು ಮುರಿದಳು ಎಂಬ ಕಥೆಯನ್ನು ಮಕ್ಕಳಿಗೆ ಕಾರಿನಲ್ಲೇ ಹೇಳಿಬಿಡಿ. ಆದರೆ ನಿಮ್ಮ ಏಳನೇ ಕ್ಲಾಸಿನವರು ಕಣ್ಣರಳಿಸುವುದು ಇನ್ನೊಂದು ಕಥೆಗೆ. 1986ರಲ್ಲಿ ಇದೇ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆಯಿತು. ಕೆಳಗಿನ ಪೀಠದ ಕಲ್ಲು ನೋಡಿದರೆ ಅದರ ಮೇಲೆ ಅಶೋಕನ ಶಾಸನ, ಪ್ರಾಕೃತ ಭಾಷೆ, ಬ್ರಾಹ್ಮಿ ಅಕ್ಷರ! ಎಷ್ಟು ತಲೆಮಾರಿನ ಜನ ಅದರ ಮುಂದೆ ಕೈ ಮುಗಿದು ಹೋಗಿದ್ದರೋ, ಕೆಳಗೆ ಏನಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಎರಡು-ಮೂರು ಕಿ.ಮೀ. ದೂರದಲ್ಲಿ ಕನಗನಹಳ್ಳಿ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಇಲ್ಲಿ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಅಲ್ಲಿ ಸಿಕ್ಕ ಒಂದು ಚಪ್ಪಡಿಯಲ್ಲಿ ರಾಜ, ರಾಣಿ, ಛತ್ರಿ ಚಾಮರ ಹಿಡಿದ ಸೇವಕಿಯರು ಇದ್ದಾರೆ, ಜೊತೆಗೆ ‘ರಾಯಾ ಅಸೋಕೊ’ (ಅಂದರೆ ರಾಜ ಅಶೋಕ) ಎಂಬ ಹೆಸರೂ ಇದೆ. ಅಶೋಕನ ಚಿತ್ರ ಅಂತ ಹೆಸರು ಸಮೇತ ಹೇಳುವ ಕಲ್ಲು ಸಿಗುವುದು ಬಲು ಅಪರೂಪ. ಪಠ್ಯಪುಸ್ತಕದಲ್ಲಿ ಅಶೋಕನನ್ನು ಓದುವ ನಮ್ಮ ಮಕ್ಕಳಿಗೆ ಇದು ತಮ್ಮ ಜಿಲ್ಲೆಯಲ್ಲೇ ಸಿಕ್ಕಿದ್ದು ಅಂತ ಗೊತ್ತಿರುವುದಿಲ್ಲ, ಅದು ನನಗೆ ಸ್ವಲ್ಪ ಬೇಜಾರಿನ ವಿಷಯ.

ಇನ್ನು ಏನು ಮಾಡಬೇಕು ಅಂದರೆ, ಮಕ್ಕಳಿಗೆ ಒಂದು ನೋಟ್‌ಬುಕ್, ಪೆನ್ಸಿಲ್ ಕೊಡಿ. ಕಲ್ಲಿನ ಮೇಲೆ ಕಾಣುವ ಆನೆ, ಹೂಬಳ್ಳಿ, ಮನುಷ್ಯರ ಪೇಟ, ಬಳೆ, ಏನು ಇಷ್ಟವೋ ಅದನ್ನು ನೋಡಿಕೊಂಡು ಬರೆಯಲಿ. ಕಾಗದವನ್ನು ಕಲ್ಲಿನ ಮೇಲಿಟ್ಟು ಪೆನ್ಸಿಲ್ ತಿಕ್ಕುವುದು ಬೇಡ. ಇಲ್ಲಿನ ಕಲ್ಲು ಸುಣ್ಣದಕಲ್ಲು, ನಮ್ಮ ಮನೆಗಳಿಗೆ ಹಾಸುವ ಶಹಾಬಾದಿ ಪರ್ಶಿಯ ಜಾತಿಯದೇ. ಗ್ರಾನೈಟಿನ ಹಾಗೆ ಗಟ್ಟಿಯಲ್ಲ. ಬೆವರು ಕೈ, ಹುಳಿ, ಉಜ್ಜುವುದು ಯಾವುದೂ ಅದಕ್ಕೆ ಆಗಿಬರುವುದಿಲ್ಲ. ಫೋಟೋದಲ್ಲಿ ಚಂದ ಕಾಣಲಿ ಅಂತ ನೀರು ಚಿಮುಕಿಸುವವರು, ಅಕ್ಷರಕ್ಕೆ ಚಾಕ್ ಪುಡಿ ಹಚ್ಚುವವರು ಇದ್ದಾರೆ, ಅವರನ್ನು ನೋಡಿ ಕಲಿಯಬೇಡಿ. ಅದರ ಬದಲು ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ಓರೆ ಬಿಸಿಲು ಬಿದ್ದಾಗ ಗೆರೆ ಗೆರೆಗೂ ನೆರಳು ಕೂತು ಚಿತ್ರ ತಾನೇ ಎದ್ದು ಬರುತ್ತದೆ, ನಡು ಮಧ್ಯಾಹ್ನ ಅದೇ ಕಲ್ಲು ಸಪ್ಪೆ. ಕಾವಲಿನವರು ‘ಅಲ್ಲಿಗೆ ಹೋಗಬ್ಯಾಡ್ರಿ’ ಅಂದರೆ ಹೋಗಬೇಡಿ ಅಷ್ಟೇ. ವಾದ ಬೇಡ.

ಅಪ್ಪನಿಗೆ ಒಂದು ಮಡಚುವ ಕುರ್ಚಿ ಒಯ್ಯಿರಿ. ಇಲ್ಲಿ ಗುಡ್ಡ ಹತ್ತುವ ಕೆಲಸ ಇಲ್ಲ. ನದಿ ಕಾಣುವ ಹಾಗೆ ನೆರಳಲ್ಲಿ ಕೂತರೆ ಅವರ ಮಧ್ಯಾಹ್ನ ಕಳೆದುಹೋಗುತ್ತದೆ. ಪಕ್ಕದಲ್ಲಿ ಊರಿನ ಹಿರಿಯರು ಯಾರಾದರೂ ಬಂದು ಕೂತರೆ ಮಳೆ, ಬೆಳೆ, ಪ್ರವಾಹದ ಮಾತು ತಾನಾಗಿ ಶುರುವಾಗುತ್ತದೆ, ಆಗ ಮೊಬೈಲ್ ತೆಗೆದು ರೆಕಾರ್ಡ್ ಮಾಡಲು ಹೋಗಬೇಡಿ, ಸುಮ್ನೆ ಕೇಳಿ.

ಬುತ್ತಿ ಮನೆಯಿಂದಲೇ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಸ್ಟೀಲ್ ಡಬ್ಬಿಯಲ್ಲಿ ಮೊಸರು, ಒಂದೆರಡು ಉಳ್ಳಾಗಡ್ಡಿ. ನಮ್ಮ ಕಡೆ ಊಟಕ್ಕೆ ಪ್ಲಾಸ್ಟಿಕ್ ಬೇಕೇ ಇಲ್ಲ ನೋಡಿ, ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿದರೆ ಮುಗೀತು. ನೀರಿಗೆ 20 ಲೀಟರ್ ಕ್ಯಾನ್ ಮತ್ತು ಲೋಟ. ಸಣ್ಣ ಬಾಟಲಿ ಹನ್ನೆರಡು ಕೊಂಡರೆ ಅದರಲ್ಲಿ ನಾಲ್ಕು ಅಲ್ಲೇ ಉಳಿಯುತ್ತವೆ, ಯಾರೂ ಬೇಕಂತ ಬಿಡುವುದಿಲ್ಲ, ಆದರೂ ಉಳಿಯುತ್ತವೆ. ಚಹಾ ಮಾತ್ರ ಊರಿನ ಅಂಗಡಿಯಲ್ಲೇ ಕುಡಿಯಿರಿ, ತೆಂಗಿನಕಾಯಿ, ಹೂವು ಅಲ್ಲೇ ಕೊಳ್ಳಿ. ಹೋದವರಿಂದ ಊರಿಗೆ ನಾಲ್ಕು ಕಾಸು ಸಿಗಬೇಕಲ್ವಾ?

ರಾತ್ರಿಗೆ ಯಾದಗಿರಿಯಲ್ಲಿ ಲಾಡ್ಜ್ ನೋಡಿಕೊಳ್ಳಿ. ಎರಡನೇ ದಿನ ‘ಇನ್ನು ಐದು ಜಾಗ ಮುಗಿಸೋಣ’ ಅಂತ ಪಟ್ಟಿ ಹಿಡಿಯಬೇಡಿ. ಬೆಳಗ್ಗೆ ಮತ್ತೆ ಅದೇ ದಂಡೆಗೆ ಹೋಗಿ. ನಿನ್ನೆ ಕಾಣದ್ದು ಇವತ್ತು ಕಾಣುತ್ತದೆ, ಮಕ್ಕಳೇ ತೋರಿಸುತ್ತಾರೆ.

ನಾವು ಯಾದಗಿರಿ ಕಾಲೇಜಿನ ಹನ್ನೆರಡು ಜನ ಗೆಳೆಯರು. ಬೈಕಿನಲ್ಲಿ ಹೋಗಿ ಭೀಮಾದಲ್ಲಿ ಈಜಿ, ದಂಡೆಯಲ್ಲೇ ಅಡುಗೆ ಮಾಡಿ, ಸ್ಪೀಕರ್ ಹಾಕಿಕೊಂಡು ಮಜಾ ಮಾಡಬೇಕು ಅಂತ ಪ್ಲಾನ್. ಸೇಫ್ ಜಾಗ ಹೇಳಿ.

ಈಜಲು ಸೇಫ್ ಜಾಗ ನಾನು ಹೇಳುವುದಿಲ್ಲ, ಯಾಕಂದರೆ ಭೀಮಾದ ಮೇಲ್ಭಾಗ ನೋಡಿ ಒಳಗೆ ಹೇಗಿದೆ ಅಂತ ಹೇಳಲು ಆಗುವುದಿಲ್ಲ. ಮರಳು ತೆಗೆದ ಕಡೆ ಮೊಣಕಾಲು ನೀರಿನಿಂದ ಒಂದೇ ಹೆಜ್ಜೆಗೆ ಆಳು ಮುಳುಗುವ ಗುಂಡಿ ಇರುತ್ತದೆ. ಮೇಲೆ ಮಹಾರಾಷ್ಟ್ರದಲ್ಲಿ ಉಜನಿ ಡ್ಯಾಂ, ಇಲ್ಲಿ ಅಫಜಲಪುರದ ಸೊನ್ನ ಬ್ಯಾರೇಜ್, ಕೆಳಗೆ ಸನ್ನತಿ ಬ್ಯಾರೇಜ್. ನಿಮ್ಮ ತಲೆ ಮೇಲೆ ಒಂದು ಹನಿ ಮಳೆ ಬೀಳದಿದ್ದರೂ ಎಲ್ಲೋ ಗೇಟ್ ಎತ್ತಿದರೆ ಇಲ್ಲಿ ನೀರು ಏರುತ್ತದೆ. ಹಾಗಾದರೆ ಕೃಷ್ಣೆಗೆ ಹೋಗೋಣ ಅನ್ನಬೇಡಿ, ಅಲ್ಲಿ ಮೊಸಳೆಗಳಿವೆ.

ದಂಡೆಯಲ್ಲಿ ಕೂತು ಕಾಲು ಇಳಿಬಿಡಿ, ಸಾಕು. ಮೈಗೆ ದಣಿವು ಆಗಲೇಬೇಕು ಅಂದರೆ ಬೈಕ್ ಮನೆಯಲ್ಲಿಟ್ಟು ಬೆಳಗ್ಗೆ ಆರಕ್ಕೇ ಯಾದಗಿರಿ ಕೋಟೆ ಹತ್ತಿ. ದಿನಾ ಕಾಲೇಜಿಗೆ ಹೋಗುವಾಗ ನೋಡುವ ಗುಡ್ಡ ಅಂತ ನಿಮ್ಮಲ್ಲಿ ಅರ್ಧ ಜನ ಹತ್ತಿರುವುದೇ ಇಲ್ಲ, ಬೆಟ್ ಕಟ್ಟುತ್ತೇನೆ. ಬಂಡೆ ನಡುವೆ ಒಂದರ ಮೇಲೊಂದು ಬಾಗಿಲು, ಬುರುಜು, ಮೇಲೆ ಕಲ್ಲಿನಲ್ಲಿ ನಿಂತ ನೀರು. ಬಿಸಿಲು ಏರುವುದರೊಳಗೆ ಇಳಿದುಬಿಡಿ.

ಅಡುಗೆಗೆ ಒಲೆ ಹೂಡಿ ಕಲ್ಲು ಕಪ್ಪು ಮಾಡುವ ಬದಲು ಒಂದು ಖಾನಾವಳಿಗೆ ಹಿಂದಿನ ದಿನವೇ ಹೇಳಿ, ಹನ್ನೆರಡು ಊಟ ಅಂದರೆ ಅವರಿಗೂ ಖುಷಿ. ಸ್ಪೀಕರ್ ಬಗ್ಗೆ: ಸನ್ನತಿ ಶಾಸನದ ಕಲ್ಲಿನಲ್ಲಿ ಅಶೋಕನ 12ನೇ ಶಾಸನವೂ ಇದೆ, ಮಾತಿಗೆ ಹಿಡಿತ ಇರಬೇಕು ಅಂತ ಅದರಲ್ಲಿ ಬರೆಸಿದ್ದಾನೆ. ಅವನ ಕಾಲದಲ್ಲಿ ಬ್ಲೂಟೂತ್ ಇರಲಿಲ್ಲ, ಇದ್ದಿದ್ದರೆ ಇನ್ನೊಂದು ಸಾಲು ಸೇರಿಸುತ್ತಿದ್ದ.

ಅತ್ತೆ-ಮಾವನನ್ನು ಕರೆದುಕೊಂಡು ಹುಮನಾಬಾದಿನಿಂದ ಗಾಣಗಾಪುರಕ್ಕೆ ಹೋಗುತ್ತಿದ್ದೇವೆ. ಸಂಗಮದಲ್ಲಿ ಮಿಂದ ಮೇಲೆ ಉಟ್ಟ ಬಟ್ಟೆ ನದಿಗೆ ಬಿಡಬೇಕು ಅಂತ ಅತ್ತೆಯವರ ಹಠ. ನನಗೆ ಮನಸ್ಸಿಲ್ಲ. ಜಗಳ ಆಗದ ಹಾಗೆ ಹೇಗೆ ಹೇಳಲಿ?

ನೀವು ಹೇಳಬೇಡಿ. ಸೊಸೆ ಹೇಳಿದರೆ ಅದು ಉಪದೇಶ ಆಗುತ್ತದೆ. ಅಲ್ಲಿನ ಅರ್ಚಕರ ಹತ್ತಿರ ಮೊದಲೇ ಮೆಲ್ಲಗೆ ಮಾತಾಡಿ, ‘ಬಟ್ಟೆ ಯಾರಿಗಾದರೂ ಉಡಲು ಕೊಟ್ಟರೆ ಆಗುತ್ತದಲ್ಲವೇ’ ಅಂತ ಅತ್ತೆಯ ಎದುರಿಗೇ ಕೇಳಿ. ದಾನ ಅಂದಮೇಲೆ ಬೇಡ ಅನ್ನುವವರು ಯಾರೂ ಇಲ್ಲ. ಮನೆಯಿಂದಲೇ ಒಂದು ಹೊಸ ಸೀರೆ ಒಯ್ದಿದ್ದರೆ ಇನ್ನೂ ಸಲೀಸು: ಅದನ್ನು ಅತ್ತೆಯ ಕೈಯಿಂದಲೇ ಕೊಡಿಸಿ, ಒದ್ದೆ ಸೀರೆ ಹಿಂಡಿ ಚೀಲದಲ್ಲಿ ಹಾಕಿಕೊಂಡು ಬನ್ನಿ.

ಮಾವನವರು ‘ಎಲ್ಲರೂ ಬಿಡುತ್ತಾರೆ’ ಅಂದರೆ ಇದನ್ನೂ ಹೇಳಬಹುದು. ನಿಮ್ಮ ಬೀದರ್ ಜಿಲ್ಲೆಯವರೇ ಆದ ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು 2025ರ ಮಾರ್ಚ್‌ನಲ್ಲಿ ತೀರ್ಥಕ್ಷೇತ್ರಗಳ ನದಿ ದಂಡೆಯಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು, ಭಕ್ತರು ನದಿಯಲ್ಲಿ ಬಟ್ಟೆ ಬಿಡದಂತೆ ನೋಡಿಕೊಳ್ಳಬೇಕು ಅಂತ ಅಧಿಕಾರಿಗಳಿಗೆ ಸೂಚಿಸಿದ್ದಾರೆ. ಶಾಂಪೂ ಪ್ಯಾಕೆಟ್ಟಿನ ಕಥೆ ನಿಮಗೂ ಗೊತ್ತು, ಹಲ್ಲಿನಿಂದ ಹರಿದ ಆ ಸಣ್ಣ ಚೂರು ಕಲ್ಲಿನ ಸಂದಿಯಲ್ಲಿ ಸೇರಿದರೆ ಗುಡಿಸಿದರೂ ಬರುವುದಿಲ್ಲ. ಭೀಮಾ, ಅಮರ್ಜಾ ಕೂಡುವ ಜಾಗದಲ್ಲಿ ಬರೀ ನೀರಿನಲ್ಲಿ ಮೀಯಿರಿ, ತಲೆಗೆ ಸೋಪು ಮನೆಗೆ ಬಂದ ಮೇಲೆ ಹಚ್ಚಿಕೊಂಡರಾಯಿತು.

ಆದಷ್ಟು ಹುಣ್ಣಿಮೆ, ಗುರುವಾರ, ದತ್ತ ಜಯಂತಿ ಬಿಟ್ಟು ಹೋಗಿ. ಸಂಗಮದ ಔದುಂಬರ ಮರದ ಕೆಳಗೆ ಗುರುಚರಿತ್ರೆ ಪಾರಾಯಣಕ್ಕೆ ಕೂತವರ ನಡುವೆ ಅತ್ತೆ-ಮಾವನಿಗೂ ಜಾಗ ಸಿಗುತ್ತದೆ. ಮಧ್ಯಾಹ್ನ ಮಧುಕರಿ ಬೇಡುವ ರೂಢಿ ಇದೆ, ಐದು ಮನೆ ಮುಂದೆ ನಿಂತು ಬೇಡಿದ್ದನ್ನು ಪ್ರಸಾದ ಅಂತ ಉಣ್ಣುವುದು. ಮಕ್ಕಳೂ ಬಂದಿದ್ದರೆ ಜೋಳಿಗೆ ಹಾಕಿ ಅತ್ತೆ-ಮಾವನ ಜೊತೆ ಕಳಿಸಿ ನೋಡಿ, ಕೈ ಚಾಚಲು ಮೊದಲು ಎಷ್ಟು ನಾಚುತ್ತಾರೆ ಅಂತ.

ಡ್ರೋನ್ ತರಬಹುದಾ? (ಶಹಾಪುರದ ಓದುಗರು)

ಬೇಡ. ಸಂರಕ್ಷಿತ ಸ್ಮಾರಕಗಳ ಮೇಲೆ ಹಾರಿಸಲು ಅನುಮತಿ ಬೇಕು, ನದಿ ಮೇಲೆ ಹಾರಿಸಿದರೆ ಹಕ್ಕಿಗಳೆಲ್ಲ ಎದ್ದು ಹೋಗುತ್ತವೆ.

ಬೆಂಗಳೂರಿನಲ್ಲಿದ್ದೇವೆ, ಹೆಂಡತಿ ಊರು ಸೇಡಂ. ಪ್ರತಿ ಸಲ ಬಂದಾಗ ಬಿಸಿಲು ಬಿಟ್ಟು ಏನೂ ಕಂಡಿಲ್ಲ. ನಿಜವಾಗಿ ನೋಡುವಂಥದ್ದು ಇದೆಯಾ?

ನೀವು ಬರುವುದು ಮಕ್ಕಳ ಬೇಸಿಗೆ ರಜೆಯಲ್ಲಿ, ಅಲ್ವಾ? ಮೇ ತಿಂಗಳಲ್ಲಿ 40 ಡಿಗ್ರಿ ದಾಟಿರುತ್ತದೆ, ನಾವೂ ಹೊರಗೆ ಬರುವುದಿಲ್ಲ. ನವೆಂಬರ್‌ನಿಂದ ಜನವರಿ ಒಳಗೆ ಬನ್ನಿ. ಮೊದಲು ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿ. ಆಮೇಲೆ ಎಳ್ಳ ಅಮಾವಾಸ್ಯೆ, ಆ ದಿನ ಸೇಡಂನಲ್ಲಿ ಮನೆಯೊಳಗೆ ಕೂತರೆ ಅಳಿಯನ ಮಾನ ಹೋದಂತೆ. ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಭೂಮಿತಾಯಿಗೆ ಅಂತ ಅಡುಗೆಯನ್ನು ಹೊಲದ ತುಂಬ ಎರಚಿ), ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಣ್ಣುತ್ತಾರೆ. ಆಮೇಲೆ ಜೋಳ ಹಾಲುಗಾಳಾದಾಗ ಸೀತನಿ. ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ, ಹೊಟ್ಟು ಊದಿ, ಶೇಂಗಾ ಹಿಂಡಿ ಜೊತೆ ಬಾಯಿಗೆ ಹಾಕಿಕೊಳ್ಳುವುದು. ಅಂಗೈ ಕಪ್ಪಾಗುತ್ತದೆ, ತುಟಿ ಸುಡುತ್ತದೆ, ನಿಲ್ಲಿಸಲು ಆಗುವುದಿಲ್ಲ. ಪರಿಚಯ ಇಲ್ಲದವರ ಹೊಲಕ್ಕೆ ಮಾತ್ರ ಕೇಳದೆ ಇಳಿಯಬೇಡಿ, ಮತ್ತು ಅವರು ಬೇಡ ಅಂದರೂ ಅವರ ಮಕ್ಕಳ ಕೈಗೆ ದುಡ್ಡು ಇಟ್ಟು ಬನ್ನಿ.

ನಿವೃತ್ತ ಶಿಕ್ಷಕಿ ನಾನು, ಕಲಬುರಗಿ. ಹಕ್ಕಿ ನೋಡುವ ಹುಚ್ಚು ಈಗ ಹತ್ತಿದೆ. ಗುಡ್ಡ ಹತ್ತಲಾರೆ, ದೂರ ಹೋಗಲಾರೆ. ಹತ್ತಿರದಲ್ಲಿ ನದಿ ಪಕ್ಕ ನಡೆಯುವ ಜಾಗ ಇದೆಯೇ?

ಟೀಚರಮ್ಮ, ಮಳಖೇಡಕ್ಕೆ ಹೋಗಿ. ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ರಾಷ್ಟ್ರಕೂಟರ ರಾಜಧಾನಿ, ಅಮೋಘವರ್ಷ ಆಳಿದ ಊರು ಅಂತ ನೀವೇ ಎಷ್ಟು ಸಲ ಪಾಠ ಮಾಡಿರುತ್ತೀರಿ. ಪಕ್ಕದಲ್ಲಿ ಕಾಗಿಣಾ ನದಿ, ದಂಡೆಯಲ್ಲಿ ಕೋಟೆ, ಉತ್ತರಾದಿ ಮಠ. ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಕಾಟ ಇದೆ, ಅದಕ್ಕೇ ನಸುಕಿನಲ್ಲೇ ಹೊರಡಿ.

ಚಳಿಗಾಲದಲ್ಲಿ ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿ, ಬಾಲ ಕುಣಿಸುವ ಸಿಪಿಲೆ, ಇವು ಹುಡುಕದೆಯೇ ಕಾಣುತ್ತವೆ. ಒಂದೇ ಕಡೆ ಅರ್ಧ ತಾಸು ಕೂತರೆ, ನಡೆದಾಡಿ ನೋಡಿದ್ದಕ್ಕಿಂತ ಜಾಸ್ತಿ ಸಿಗುತ್ತದೆ, ಮೊಣಕಾಲಿಗೂ ಒಳ್ಳೆಯದು. ಮಾಸಲು ಬಣ್ಣದ ಸೀರೆ ಉಡಿ, ಕೆಂಪು, ಹಳದಿ ಬೇಡ.

ಮಾರ್ಚ್ ನಂತರ ಹೋಗುವುದಾದರೆ ಕಾಲ ಕೆಳಗೆ ನೋಡಿಕೊಂಡು ನಡೆಯಬೇಕು. ಟಿಟ್ಟಿಭ ಗೂಡು ಕಟ್ಟುವುದಿಲ್ಲ, ನೆಲದ ಮೇಲೆ ಸಣ್ಣ ತಗ್ಗು ಮಾಡಿ ಅಲ್ಲೇ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕು. ಮಣ್ಣಿನ ಬಣ್ಣ, ಅದರ ಮೇಲೆ ಕಪ್ಪು ಚುಕ್ಕಿ. ಪಕ್ಕದಲ್ಲಿ ಅಂಥದೇ ಬೆಣಚುಕಲ್ಲು ಬಿದ್ದಿರುವಾಗ ಮೊಟ್ಟೆ ಯಾವುದು, ಕಲ್ಲು ಯಾವುದು ಅಂತ ನಿಮ್ಮ ಕನ್ನಡಕಕ್ಕೂ ಗೊತ್ತಾಗುವುದಿಲ್ಲ. ರೀವ ಹಕ್ಕಿಯೂ (ರಿವರ್ ಟರ್ನ್) ನದಿ ನಡುವಿನ ಮರಳು ದಿಬ್ಬದ ಮೇಲೆ ಹೀಗೇ ಮೊಟ್ಟೆ ಇಡುತ್ತದೆ, ಆದ್ದರಿಂದ ನೀರು ಇಳಿದಿದೆ ಅಂತ ದಿಬ್ಬಕ್ಕೆ ದಾಟಬೇಡಿ. ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಒಂದೇ ಸಮನೆ ಅರಚುತ್ತಿದ್ದರೆ ನೀವು ಗೂಡಿನ ಹತ್ತಿರ ಬಂದಿದ್ದೀರಿ ಅಂತ ಅರ್ಥ. ಫೋಟೋ ಆಸೆ ಬಿಟ್ಟು, ಬಂದ ಹೆಜ್ಜೆಯ ಮೇಲೇ ಹೆಜ್ಜೆ ಇಟ್ಟು ಹಿಂದೆ ಸರಿಯಿರಿ. ನೀವು ಅಲ್ಲಿ ನಿಂತಷ್ಟು ಹೊತ್ತು ಮೊಟ್ಟೆಗೆ ನೆರಳಿಲ್ಲ, ನಮ್ಮ ಬೇಸಿಗೆಯಲ್ಲಿ ಅದು ಸುಟ್ಟುಹೋಗಲು ಬಹಳ ಹೊತ್ತು ಬೇಡ.